28 ಬಿಲ್ಲೆಗಳ ಆಟ: ಮನೆಮಂದಿ ಒಟ್ಟಿಗೆ ಕೂರುವ ಅರ್ಧ ಗಂಟೆ

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉಳಿತಾಯ, ಸಾಲ ಮರುಪಾವತಿ, ಲೆಕ್ಕಪುಸ್ತಕ, ಪೌಷ್ಟಿಕ ಆಹಾರ, ಹೈನುಗಾರಿಕೆ ಎಲ್ಲದರ ಬಗ್ಗೆಯೂ ನಾವು ಇಲ್ಲಿ ಕೂತು ಮಾತಾಡಿದ್ದೇವೆ. ಇವತ್ತಿನ ವಿಷಯ ಆಟ. ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ. "ನಮಗೆ ಉಸಿರಾಡೋಕೇ ಪುರುಸೊತ್ತಿಲ್ಲ, ಇವರು ಆಟದ ವಿಷಯ ತಂದಿದ್ದಾರೆ" ಅಂತ ಅಂದುಕೊಳ್ಳುತ್ತಿರಬಹುದು. ಆ ಮಾತಿನಿಂದಲೇ ಶುರು ಮಾಡೋಣ.

ಪುರುಸೊತ್ತಿನ ಲೆಕ್ಕ

ನಮ್ಮ ದೇಶದ ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಅಂತ ಕೇಂದ್ರ ಸರ್ಕಾರ 2024ರಲ್ಲಿ ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಅಂದರೆ ಐದು ಗಂಟೆಗೆ ಹತ್ತು ಹನ್ನೊಂದು ನಿಮಿಷ ಮಾತ್ರ ಕಡಿಮೆ. ಮನೆಗೆಲಸ ಮಾಡುವ ಗಂಡಸರ ಲೆಕ್ಕ 88 ನಿಮಿಷ. ಮಕ್ಕಳ ಮತ್ತು ವಯಸ್ಸಾದವರ ಆರೈಕೆ ಇದರಲ್ಲಿ ಸೇರಿಲ್ಲ, ಅದು ಬೇರೆ ಲೆಕ್ಕ. ಹೊಲದ ಕೆಲಸ, ಕೂಲಿ, ಬೀಡಿ, ಹೊಲಿಗೆಯೂ ಬೇರೆ.

ಹಾಗಾಗಿ ಪುರುಸೊತ್ತಿಲ್ಲ ಅನ್ನುವುದು ನಿಜ. ಆದರೆ ಸಂಜೆ ಏಳರಿಂದ ಒಂಬತ್ತರವರೆಗೆ ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. ಅತ್ತೆ ಟಿವಿ ಮುಂದೆ. ಮಗ ಮೊಬೈಲು ಹಿಡಿದು ಮೂಲೆಯಲ್ಲಿ. ಮಗಳು ಪುಸ್ತಕ ತೆರೆದಿದ್ದರೂ ಕಣ್ಣು ಧಾರಾವಾಹಿ ಕಡೆಗೆ. ಗಂಡ ಇನ್ನೂ ಬಂದಿಲ್ಲ, ಬಂದಿದ್ದರೆ ಅವರ ಕೈಯಲ್ಲೂ ಒಂದು ಮೊಬೈಲು. ನೀವು ಅಡುಗೆಮನೆಯಲ್ಲಿ. ಐದು ಜನ ಒಂದೇ ಸೂರಿನ ಕೆಳಗೆ ಇದ್ದಾರೆ, ಆದರೆ ಒಬ್ಬರ ಮುಖ ಇನ್ನೊಬ್ಬರು ನೋಡುವುದು ತಟ್ಟೆ ಮುಂದೆ ಮಾತ್ರ. ಅಲ್ಲಿಯೂ ಮಾತು ಏನು? "ಉಪ್ಪು ಕಡಿಮೆಯಾಗಿದೆ", "ಫೀಸು ಕಟ್ಟಬೇಕು", "ಸಾಲದ ಕಂತು ಯಾವತ್ತು?" ಅಷ್ಟೇ.

ಈ ಎರಡು ಗಂಟೆಯಲ್ಲಿ ಅರ್ಧ ಗಂಟೆಯನ್ನು ಎಲ್ಲರೂ ಒಟ್ಟಿಗೆ ಕೂರುವುದಕ್ಕೆ ಇಡಬಹುದೇ ಅನ್ನುವುದು ನನ್ನ ಪ್ರಶ್ನೆ. ಸುಮ್ಮನೆ "ಬನ್ನಿ, ಕೂತು ಮಾತಾಡೋಣ" ಅಂದರೆ ಯಾರೂ ಬರುವುದಿಲ್ಲ. ನಡುವೆ ಒಂದು ಆಟ ಇಟ್ಟರೆ ಬರುತ್ತಾರೆ.

ಆಟ ಅಂದರೆ ಹಗುರ ಮಾತಲ್ಲ

ಆಟ ನಮಗೆ ಹೊಸದೇನಲ್ಲ. ಚೌಕಾಬಾರ, ಪಗಡೆ, ಅಳಗುಳಿ ಮನೆ, ಕರಾವಳಿ ಕಡೆಯ ಚೆನ್ನೆಮಣೆ, ಹುಲಿ ಕುರಿ ಆಟ ಇವೆಲ್ಲ ನಮ್ಮ ಅಜ್ಜಿಯಂದಿರ ಜಗಲಿಯ ಮೇಲೆ ಇದ್ದವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆ ಆಟಗಳಲ್ಲಿ ಬಹಳ ಆಸಕ್ತಿ ಇಟ್ಟು ಹೊಸ ಹೊಸ ಆಟಗಳನ್ನೇ ರಚಿಸಿದವರು. ಅರಮನೆಯಲ್ಲೂ ಆಟ ಇತ್ತು, ಗುಡಿಸಲಲ್ಲೂ ಇತ್ತು.

ಮಕ್ಕಳಿಗಂತೂ ಆಟ ಒಂದು ಹಕ್ಕು. ವಿಶ್ವಸಂಸ್ಥೆ 1989ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿಶ್ರಾಂತಿ, ಬಿಡುವು, ಆಟ ಪ್ರತಿ ಮಗುವಿನ ಹಕ್ಕು ಎಂದು ಹೇಳುತ್ತದೆ. ಭಾರತ 1992ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ.

ಇಂದು ನಾನು ಹೇಳಿಕೊಡುವ ಆಟದ ಹೆಸರು ಡಾಮಿನೋ. ಪೇಟೆಯಲ್ಲಿ ಡಾಮಿನೋಸ್ ಪಿಜ್ಜಾ ಡಬ್ಬದ ಮೇಲೆ ಚುಕ್ಕಿ ಇರುವ ಒಂದು ಚಿತ್ರ ನೋಡಿದ್ದೀರಿ. ಆ ಚಿತ್ರ ಈ ಆಟದ ಬಿಲ್ಲೆಯದು. ಪಿಜ್ಜಾಕ್ಕೆ ದುಡ್ಡು ಬೇಕು, ಈ ಆಟಕ್ಕೆ ಒಂದು ಹಳೆಯ ರಟ್ಟು ಸಾಕು.

ಚೌಕಾಬಾರ ಇರುವಾಗ ಇದೇಕೆ ಅಂತ ಕೇಳಬಹುದು. ಚೌಕಾಬಾರ ಖಂಡಿತ ಆಡಿ. ಆದರೆ ಅದು ಮುಗಿಯುವುದಕ್ಕೆ ಕೆಲವೊಮ್ಮೆ ಗಂಟೆಗಟ್ಟಲೆ ಬೇಕು. ಡಾಮಿನೋದ ಒಂದು ಸುತ್ತು ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಅಕ್ಕಿ ಬೇಯುವಷ್ಟರಲ್ಲಿ ಒಂದು ಸುತ್ತು ಆಡಿ ಏಳಬಹುದು. ಓದು ಬರಹ ಬೇಕಿಲ್ಲ, ಆರರವರೆಗೆ ಎಣಿಸಲು ಬಂದರೆ ಸಾಕು.

ಈ ಬಿಲ್ಲೆ ಬಂದದ್ದು ಎಲ್ಲಿಂದ?

ಹುಟ್ಟಿದ್ದು ಚೀನಾದಲ್ಲಿ, ದಾಳದಿಂದ. ಎರಡು ದಾಳ ಉರುಳಿಸಿದರೆ ಎಷ್ಟು ಬಗೆಯ ಜೋಡಿ ಬೀಳಬಹುದು? 1-1, 1-2, 1-3 ಅಂತ ಎಣಿಸುತ್ತಾ ಹೋದರೆ 6-6ರವರೆಗೆ ಒಟ್ಟು 21. ಆ ಒಂದೊಂದು ಜೋಡಿಯನ್ನೂ ಬಿಲ್ಲೆಯ ಮೇಲೆ ಕೊರೆದರು. ಚೀನಾದ ಆಟದಲ್ಲಿ ಕೆಲವು ಜೋಡಿಗಳು ಎರಡೆರಡು ಇರುವುದರಿಂದ ಅಲ್ಲಿ 32 ಬಿಲ್ಲೆ. 18ನೇ ಶತಮಾನದಲ್ಲಿ ಇಟಲಿ, ಫ್ರಾನ್ಸ್ ಕಡೆ ಡಾಮಿನೋ ಕಾಣಿಸಿಕೊಂಡಾಗ ಅದಕ್ಕೆ ಚುಕ್ಕಿಯಿಲ್ಲದ ಖಾಲಿ ಮನೆ, ಅಂದರೆ ಸೊನ್ನೆ ಸೇರಿತ್ತು. ಸೊನ್ನೆಯಿಂದ ಏಳು ಜೋಡಿ ಹೆಚ್ಚಾದವು. 21ಕ್ಕೆ 7 ಕೂಡಿದರೆ 28. ಈಗಲೂ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಈ 28 ಬಿಲ್ಲೆಯ ಆಟವೇ.

ಕ್ಯೂಬಾ ದೇಶದಲ್ಲಿ ಇದು ಬೀದಿ ಬೀದಿಯ ಆಟ. ಸಂಜೆಯಾದರೆ ಮನೆ ಮುಂದೆ ಮೇಜು ಹಾಕಿ ನಾಲ್ಕು ಜನ ಕೂರುತ್ತಾರೆ. ರಾಜಧಾನಿ ಹವಾನಾ ಕಡೆ ಒಂಬತ್ತು ಚುಕ್ಕಿಯವರೆಗೆ ಇರುವ 55 ಬಿಲ್ಲೆ ಬಳಸುತ್ತಾರೆ. ತಲಾ ಹತ್ತು ಹಂಚಿ 15 ಬಿಲ್ಲೆ ಹೊರಗಿಡುತ್ತಾರೆ. ನಮಗೆ ಸದ್ಯಕ್ಕೆ 28 ಸಾಕು.

ಮನೆಯಲ್ಲೇ ಮಾಡುವ ವಿಧಾನ

ಬೇಕಾದದ್ದು: ದಪ್ಪ ರಟ್ಟು, ಮೈದಾ ಅಂಟು, ಕತ್ತರಿ, ಅಳತೆ ಪಟ್ಟಿ, ಪೆನ್ನು, ಚುಕ್ಕಿಗೆ ಸ್ಕೆಚ್ ಪೆನ್ ಅಥವಾ ಚಿಕ್ಕ ಸ್ಟಿಕ್ಕರ್ ಬೊಟ್ಟು.

1. ರಟ್ಟನ್ನು 8 ಇಂಚು ಉದ್ದ, 7 ಇಂಚು ಅಗಲಕ್ಕೆ ಕತ್ತರಿಸಿ. ನೋಟ್‌ಬುಕ್ಕಿನ ರಟ್ಟು ಚಿಕ್ಕದಾದರೆ ಎರಡು ತೆಗೆದುಕೊಳ್ಳಿ. ತೆಳುವಾಗಿದ್ದರೆ ಎರಡು ಮೂರು ಪದರ ಅಂಟಿಸಿ, ಮೇಲೆ ಭಾರ ಇಟ್ಟು ಒಂದು ರಾತ್ರಿ ಒಣಗಲು ಬಿಡಿ.

2. ಉದ್ದದ ಕಡೆ 2 ಇಂಚಿಗೊಂದು, ಅಗಲದ ಕಡೆ 1 ಇಂಚಿಗೊಂದು ಗೆರೆ ಎಳೆಯಿರಿ. ನಾಲ್ಕು ಏಳಲಿ ಇಪ್ಪತ್ತೆಂಟು. ಸರಿಯಾಗಿ 28 ತುಂಡು ಬರುತ್ತದೆ, ಒಂದು ಚೂರೂ ಹಾಳಾಗುವುದಿಲ್ಲ.

3. ಪ್ರತಿ ಬಿಲ್ಲೆಯ ಮಧ್ಯೆ ಅಡ್ಡಗೆರೆ ಹಾಕಿ ಎರಡು ಮನೆ ಮಾಡಿ.

4. ಮೊದಲು ಸೊನ್ನೆಯ ಸಾಲು: 0-0, 0-1, 0-2, 0-3, 0-4, 0-5, 0-6. ಒಟ್ಟು ಏಳು. ಆಮೇಲೆ ಒಂದರ ಸಾಲು, 1-1ರಿಂದ 1-6ರವರೆಗೆ ಆರು. ಎರಡರ ಸಾಲು ಐದು, ಮೂರರದು ನಾಲ್ಕು, ನಾಲ್ಕರದು ಮೂರು, ಐದರದು ಎರಡು, ಕೊನೆಗೆ 6-6 ಒಂದೇ. ಮೆಟ್ಟಿಲ ಹಾಗೆ ಇಳಿಯುತ್ತಾ ಬರುತ್ತದೆ. ಏಳು, ಆರು, ಐದು, ನಾಲ್ಕು, ಮೂರು, ಎರಡು, ಒಂದು ಕೂಡಿ ನೋಡಿ, 28.

5. ಎಲ್ಲಾ ಬಿಲ್ಲೆಗಳ ಚುಕ್ಕಿ ಒಟ್ಟು 168. ಬೊಟ್ಟು ಅಂಟಿಸುವುದಾದರೆ ಅಷ್ಟು ಬೊಟ್ಟು ಬೇಕು.

6. ಹಿಂಬದಿ ಎಲ್ಲವೂ ಒಂದೇ ರೀತಿ ಇರಬೇಕು. ಒಂದು ಬಿಲ್ಲೆಯ ಬೆನ್ನಿಗೆ ಎಣ್ಣೆ ಕಲೆ ಬಿದ್ದರೂ ಮಕ್ಕಳು ಎರಡೇ ದಿನದಲ್ಲಿ ಗುರುತು ಹಿಡಿದುಬಿಡುತ್ತಾರೆ! ಹಿಂಬದಿಗೆಲ್ಲ ಒಂದೇ ಬಣ್ಣದ ಕಾಗದ ಅಂಟಿಸಿದರೆ ಒಳ್ಳೆಯದು.

ಬೊಟ್ಟು ಅಂಟಿಸುವುದರಲ್ಲಿ ಇನ್ನೊಂದು ಲಾಭ ಇದೆ. ಕಣ್ಣು ಮಂಜಾದ ಅಜ್ಜಿ ಬೆರಳಿನಿಂದ ಸವರಿ ಚುಕ್ಕಿ ಎಣಿಸಬಹುದು. ಅಂಗಡಿಯ ಡಾಮಿನೋದಲ್ಲಿ ಚುಕ್ಕಿಗಳು ತಗ್ಗಾಗಿ ಕೊರೆದಿರುವುದರಿಂದ ದೃಷ್ಟಿ ಇಲ್ಲದವರೂ ಆಡುತ್ತಾರೆ. ಆದರೆ ಮನೆಯಲ್ಲಿ ಮೂರು ವರ್ಷಕ್ಕಿಂತ ಚಿಕ್ಕ ಮಗು ಇದ್ದರೆ ಎಚ್ಚರಿಕೆ. ಬೊಟ್ಟು ಕಿತ್ತು ಬಾಯಿಗೆ ಹಾಕಿಕೊಂಡರೆ ಅಪಾಯ. ಅಂಥ ಮನೆಯಲ್ಲಿ ಸ್ಕೆಚ್ ಪೆನ್ನೇ ಬಳಸಿ, ಆಟ ಮುಗಿದ ಮೇಲೆ ಡಬ್ಬದಲ್ಲಿ ಹಾಕಿ ಮೇಲಿಡಿ.

ಆಡುವ ಕ್ರಮ

ಬಿಲ್ಲೆಗಳನ್ನು ಬೋರಲು ಹಾಕಿ ಚಾಪೆಯ ಮೇಲೆ ಚೆನ್ನಾಗಿ ಕಲಸಿ. ನಾಲ್ಕು ಜನ ಇದ್ದರೆ ತಲಾ ಏಳು ತೆಗೆದುಕೊಳ್ಳಿ, ಒಂದೂ ಉಳಿಯುವುದಿಲ್ಲ. ಎದುರುಬದುರು ಕೂತವರು ಒಂದು ಜೋಡಿ. ಇಬ್ಬರೇ ಇದ್ದರೂ ತಲಾ ಏಳು. ಮೂವರು ಇದ್ದರೆ ತಲಾ ಐದು ಸಾಕು. ಉಳಿದವು ನಡುವೆ ಬೋರಲಾಗಿಯೇ ಇರಲಿ, ಅದು ಉಗ್ರಾಣ.

6-6 ಇದ್ದವರು ಮೊದಲು ಇಡಬೇಕು. ಅದು ಯಾರ ಹತ್ತಿರವೂ ಇಲ್ಲದಿದ್ದರೆ 5-5, ಅದೂ ಇಲ್ಲದಿದ್ದರೆ 4-4. ಆಮೇಲೆ ಸರದಿ ಪ್ರಕಾರ ಒಬ್ಬೊಬ್ಬರೂ ಸಾಲಿನ ಯಾವುದಾದರೂ ಒಂದು ತುದಿಗೆ ಹೊಂದುವ ಬಿಲ್ಲೆ ಸೇರಿಸಬೇಕು. ಆರಕ್ಕೆ ಆರು, ಮೂರಕ್ಕೆ ಮೂರು, ಖಾಲಿಗೆ ಖಾಲಿ. ಹೊಂದುವ ಬಿಲ್ಲೆ ಇಲ್ಲದಿದ್ದರೆ ಉಗ್ರಾಣದಿಂದ ಒಂದೊಂದೇ ತೆಗೆಯಬೇಕು. ನಾಲ್ಕು ಜನ ಆಡುವಾಗ ಉಗ್ರಾಣ ಇಲ್ಲ, ಆದ್ದರಿಂದ "ಪಾಸ್" ಅನ್ನಬೇಕು. ಕೈ ಮೊದಲು ಖಾಲಿ ಮಾಡಿದವರು ಗೆದ್ದರು.

ಒಂದು ಉದಾಹರಣೆ ನೋಡೋಣ. ಅಜ್ಜಿ, ಅಮ್ಮ, ಮಗಳು, ಅಪ್ಪ ಈ ಕ್ರಮದಲ್ಲಿ ಕೂತಿದ್ದಾರೆ. ಅಜ್ಜಿಯೂ ಮೊಮ್ಮಗಳೂ ಎದುರುಬದುರು, ಅವರು ಒಂದು ಜೋಡಿ. ಗಂಡ ಹೆಂಡತಿ ಇನ್ನೊಂದು ಜೋಡಿ. ಅಜ್ಜಿ 6-6 ಇಟ್ಟರು. ಅಮ್ಮ 6-4 ಇಟ್ಟರು. ಈಗ ತುದಿಗಳು 6 ಮತ್ತು 4. ಮಗಳು 4-1 ಸೇರಿಸಿದಳು. ತುದಿಗಳು 6 ಮತ್ತು 1. ಅಪ್ಪನ ಸರದಿ. ಕೈ ನೋಡಿಕೊಂಡರು, "ಪಾಸ್" ಅಂದರು.

ಇಲ್ಲಿ ಗಮನಿಸಿ. ಅಪ್ಪ ಪಾಸ್ ಅಂದಾಕ್ಷಣ ಅವರ ಕೈಯಲ್ಲಿ 6 ಇಲ್ಲ, 1 ಇಲ್ಲ ಅಂತ ಮೂವರಿಗೂ ಗೊತ್ತಾಯಿತು. ಅಜ್ಜಿ ಜಾಣೆ. ದಾರಿ ಬಿಡಬಾರದು ಅಂತ 1-1 ಇಟ್ಟರು, ತುದಿಗಳು ಹಾಗೆಯೇ 6 ಮತ್ತು 1 ಉಳಿದವು. ಈಗ ಅಮ್ಮನ ಸರದಿ. ತನ್ನ ಕೈಯಲ್ಲಿರುವ ದೊಡ್ಡ ಬಿಲ್ಲೆ 6-5 ಇಟ್ಟು ಹಗುರಾಗಬಹುದು. ಆದರೆ ಆಗ ಮಗಳು ಆ ಐದರ ತುದಿಯನ್ನು ಮುಚ್ಚಿಬಿಡಬಹುದು. ಕೈಯಲ್ಲಿ ಮೂರರ ಬಿಲ್ಲೆಗಳು ಹೆಚ್ಚಿರುವ ಅಮ್ಮ 1-3 ಇಟ್ಟು ಗಂಡನಿಗೆ ಮೂರರ ದಾರಿ ತೆರೆಯುತ್ತಾಳೆ. ಬಾಯಲ್ಲಿ ಒಂದು ಮಾತಿಲ್ಲ, ಸನ್ನೆ ಇಲ್ಲ, ಬಿಲ್ಲೆಯ ಮೂಲಕವೇ "ನಿಮಗೆ ಇಲ್ಲಿ ದಾರಿ ಇದೆ" ಅಂತ ಹೇಳಿದಂತಾಯಿತು. ಜೊತೆಗಾರನಿಗೆ ಎಲ್ಲಿ ಕಷ್ಟ ಇದೆ ಅಂತ ನೋಡಿ ಇಡುವುದೇ ಈ ಆಟದ ಜಾಣತನ.

ಅಂಕ ಹೀಗೆ ಬರೆಯಿರಿ. ಒಬ್ಬರ ಕೈ ಖಾಲಿಯಾದಾಗ ಎದುರು ಜೋಡಿಯ ಕೈಯಲ್ಲಿ ಉಳಿದ ಚುಕ್ಕಿ ಎಲ್ಲಾ ಕೂಡಿಸಿ. ಒಬ್ಬರ ಹತ್ತಿರ 4-5, ಇನ್ನೊಬ್ಬರ ಹತ್ತಿರ 5-5 ಮತ್ತು 2-0 ಉಳಿದಿದ್ದರೆ 9, 10, 2 ಸೇರಿ 21. ಅದು ಗೆದ್ದವರ ಖಾತೆಗೆ. ಮೊದಲು 100 ಮುಟ್ಟಿದವರು ಗೆದ್ದಂತೆ. ದಿನದ ಆಟಕ್ಕೆ 50 ಇಟ್ಟುಕೊಂಡರೂ ಸಾಕು. ಕೆಲವೊಮ್ಮೆ ಯಾರಿಗೂ ಇಡಲಾಗದೆ ಆಟ ಕಟ್ಟಿಹೋಗುತ್ತದೆ. ಆಗ ಕೈಯಲ್ಲಿ ಕಡಿಮೆ ಚುಕ್ಕಿ ಇದ್ದ ಜೋಡಿ ಗೆದ್ದಂತೆ.

ಎರಡು ಕಿವಿಮಾತು. ಚುಕ್ಕಿ ಹೆಚ್ಚಿರುವ ಬಿಲ್ಲೆಗಳನ್ನು ಸಾಧ್ಯವಾದಷ್ಟು ಬೇಗ ಇಟ್ಟುಬಿಡಿ, ಸೋತರೂ ಕಡಿಮೆ ಅಂಕ ಹೋಗುತ್ತದೆ. 5-5, 4-4 ಇಂಥ ಜೋಡಿ ಬಿಲ್ಲೆಗಳನ್ನೂ ಬೇಗ ಇಡಿ. ಬೇರೆ ಬಿಲ್ಲೆಗೆ ಎರಡು ಅಂಕೆಯಲ್ಲಿ ಜಾಗ ಸಿಗುತ್ತದೆ, ಇವಕ್ಕೆ ಒಂದೇ ಅಂಕೆಯಲ್ಲಿ.

ಮಕ್ಕಳಿಗೆ ಏನು ಸಿಗುತ್ತದೆ?

ಮೊದಲನೆಯದು ಲೆಕ್ಕ. ಒಂದನೇ ತರಗತಿಯ ಮಗು ಎರಡೇ ವಾರದಲ್ಲಿ ಚುಕ್ಕಿ ಒಂದೊಂದೇ ಎಣಿಸುವುದನ್ನು ಬಿಟ್ಟು ನೋಡಿದ ತಕ್ಷಣ "ಐದು" ಅನ್ನಲು ಶುರು ಮಾಡುತ್ತದೆ. ಅಂಕ ಬರೆಯುವ ಕೆಲಸ ಮೂರನೇ ನಾಲ್ಕನೇ ತರಗತಿಯ ಮಕ್ಕಳಿಗೆ ಕೊಡಿ, ಕೂಡುವ ಲೆಕ್ಕ ತಾನಾಗಿ ಬರುತ್ತದೆ. ಅಮೆರಿಕದಲ್ಲಿ ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ ಅನ್ನುವ ಇಬ್ಬರು ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬಡ ಕುಟುಂಬಗಳ, ಇನ್ನೂ ಶಾಲೆಗೆ ಸೇರದ ಮಕ್ಕಳ ಜೊತೆ 1ರಿಂದ 10ರವರೆಗೆ ಅಂಕೆ ಬರೆದ ಒಂದು ಸರಳ ಮಣೆ ಆಟ ಆಡಿಸಿದರು. ಹದಿನೈದು ನಿಮಿಷದಂತೆ ನಾಲ್ಕೇ ಸಲ, ಎರಡು ವಾರದೊಳಗೆ. ಅಷ್ಟಕ್ಕೇ ಆ ಮಕ್ಕಳ ಅಂಕೆಯ ತಿಳುವಳಿಕೆ ಹೆಚ್ಚಿತು. ಅದೇ ಆಟವನ್ನು ಅಂಕೆ ಇಲ್ಲದೆ ಬರೀ ಬಣ್ಣದ ಮನೆಗಳಲ್ಲಿ ಆಡಿದ ಮಕ್ಕಳಿಗೆ ಆ ಲಾಭ ಆಗಲಿಲ್ಲ. ಅವರು ಆಡಿಸಿದ್ದು ಡಾಮಿನೋ ಅಲ್ಲ, ನಿಜ. ಆದರೆ ಮನೆಯಲ್ಲಿ ಅಂಕೆ ಇರುವ ಆಟ ಆಡುವುದು ಹೊತ್ತು ಹಾಳು ಮಾಡಿದಂತಲ್ಲ ಅಂತ ಇದರಿಂದ ತಿಳಿಯುತ್ತದೆ.

ದೊಡ್ಡ ಮಕ್ಕಳಿಗೆ ಯೋಚನೆ ಮಾಡುವ ಲೆಕ್ಕ ಇದೆ. ಪ್ರತಿ ಅಂಕೆ ಏಳು ಬಿಲ್ಲೆಯ ಮೇಲೆ ಇರುತ್ತದೆ. ಮೂರರ ಬಿಲ್ಲೆ ನನ್ನ ಕೈಯಲ್ಲಿ ನಾಲ್ಕು, ಚಾಪೆಯ ಮೇಲೆ ಎರಡು. ಹಾಗಾದರೆ ಹೊರಗೆ ಉಳಿದದ್ದು ಒಂದೇ. ಅದು ಯಾರ ಹತ್ತಿರ ಇರಬಹುದು? ಹೈಸ್ಕೂಲಿನ ಮಗ ಈ ಯೋಚನೆಗೆ ಬಿದ್ದರೆ ಮೊಬೈಲು ಕೇಳುವುದನ್ನು ಸ್ವಲ್ಪ ಹೊತ್ತು ಮರೆಯುತ್ತಾನೆ.

ಒಂದು ಮ್ಯಾಜಿಕ್ಕೂ ಹೇಳಿಕೊಡುತ್ತೇನೆ. ಮಕ್ಕಳಿಗೆ ಗೊತ್ತಾಗದಂತೆ ಒಂದು ಬಿಲ್ಲೆ ಬಚ್ಚಿಡಿ, 2-5 ಅಂತ ಇಟ್ಟುಕೊಳ್ಳಿ. ಜೋಡಿ ಬಿಲ್ಲೆ ಮಾತ್ರ ಬೇಡ. ಉಳಿದ 27ನ್ನೂ ಒಂದೇ ಸಾಲಾಗಿ ಅಂಕೆಗೆ ಅಂಕೆ ಹೊಂದಿಸಿ ಇಡಲು ಹೇಳಿ. ನಡುವೆ ಸಿಕ್ಕಿಕೊಂಡರೆ ಬಿಚ್ಚಿ ಮತ್ತೆ ಜೋಡಿಸಲಿ. ಕೊನೆಗೆ ಸಾಲಿನ ಎರಡು ತುದಿಯಲ್ಲಿ 2 ಮತ್ತು 5 ಉಳಿದಿರುತ್ತವೆ! ಯಾಕೆ? ಪ್ರತಿ ಅಂಕೆಯ ಮನೆ ಒಟ್ಟು ಎಂಟು. ಸಾಲಿನೊಳಗೆ ಅವು ಎರಡೆರಡಾಗಿ ಜೊತೆ ಸೇರುತ್ತವೆ. ಒಂದು 2, ಒಂದು 5 ಬಚ್ಚಿಟ್ಟಿದ್ದರಿಂದ ಅವುಗಳ ಜೊತೆಯವು ತುದಿಯಲ್ಲಿ ಒಂಟಿಯಾಗಿ ನಿಲ್ಲುತ್ತವೆ. ಮೊದಲು ಮ್ಯಾಜಿಕ್ ತೋರಿಸಿ, ಕಾರಣ ಆಮೇಲೆ ಮಕ್ಕಳೇ ಹುಡುಕಲಿ.

ಇನ್ನೊಂದು ಪಾಠ ಸೋಲುವುದು. ನಮ್ಮ ಮಕ್ಕಳಿಗೆ ಈಗ ಸೋಲು ತಡೆಯುವುದಿಲ್ಲ. ಪರೀಕ್ಷೆಯಲ್ಲಿ ಎರಡು ಅಂಕ ಕಡಿಮೆಯಾದರೆ ಊಟ ಬಿಡುತ್ತಾರೆ. ಅಜ್ಜಿಯ ಮುಂದೆ ಸೋತು, ನಕ್ಕು, ಮತ್ತೆ ಬಿಲ್ಲೆ ಕಲಸುವ ಅಭ್ಯಾಸ ಆದರೆ ಮುಂದೆ ಉಪಯೋಗಕ್ಕೆ ಬರುತ್ತದೆ. ದಯವಿಟ್ಟು ಮಗುವನ್ನು ಗೆಲ್ಲಿಸಬೇಕು ಅಂತ ನೀವೇ ದಿನಾ ಸೋಲಬೇಡಿ. ಅದು ಮಗುವಿಗೆ ಗೊತ್ತಾಗುತ್ತದೆ.

ದುಡ್ಡು ಬೇಡವೇ ಬೇಡ

ಈ ಮಾತನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಆಟಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. "ಸುಮ್ಮನೆ ತಮಾಷೆಗೆ" ಅಂತಲೂ ಬೇಡ. ಇಸ್ಪೀಟಿನ ಅಡ್ಡೆಯಲ್ಲಿ ಮನೆ ಹಾಳಾದವರನ್ನು ನಾವೆಲ್ಲ ಕಂಡಿದ್ದೇವೆ. ಅಡ್ಡೆ ನಡೆಸುವುದೂ, ಅಲ್ಲಿ ಹೋಗಿ ಜೂಜಾಡುವುದೂ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಅಪರಾಧ. ಆಮೇಲೆ ಅಡ್ಡೆ ಮೊಬೈಲಿನೊಳಗೇ ಬಂತು. ಮಗ ಬಾಗಿಲು ಹಾಕಿಕೊಂಡು ಓದುತ್ತಿದ್ದಾನೆ ಅಂತ ತಾಯಿ ಅಂದುಕೊಂಡಿದ್ದರೆ ಅವನು ರಮ್ಮಿಗೆ ದುಡ್ಡು ಹಾಕುತ್ತಿದ್ದ. ಸಂಘದಲ್ಲಿ ಹಸುವಿಗೆ ಅಂತ ಸಾಲ ತೆಗೆದು ಮಗನ ಆಟದ ಸಾಲ ತೀರಿಸಿದ ತಾಯಂದಿರ ಮಾತು ನಾವು ಕೇಳಿದ್ದೇವೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಕಾಯ್ದೆ ಬಂದರೂ ಮನೆಯೊಳಗೆ ನಮ್ಮ ಕಣ್ಣು ಇರಬೇಕು. ಮಗನ ಜೊತೆ ದಿನಕ್ಕೆ ಅರ್ಧ ಗಂಟೆ ಎದುರುಬದುರು ಕೂತರೆ ಅವನ ಮುಖ ಬಾಡಿದ್ದು, ಮಾತು ಕಡಿಮೆಯಾದದ್ದು ತಾಯಿಗೆ ಬೇಗ ತಿಳಿಯುತ್ತದೆ.

ಚಿಕ್ಕ ಮಕ್ಕಳ ವಿಷಯ ಹೇಳುವುದಾದರೆ, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಂದು ಸಲಹೆ ಕೊಟ್ಟಿದೆ. ಒಂದು ವರ್ಷದೊಳಗಿನ ಮಗುವಿಗೆ ಟಿವಿ, ಮೊಬೈಲು ತೋರಿಸಲೇಬಾರದು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಇನ್ನೂ ಕಡಿಮೆಯಾದರೆ ಒಳ್ಳೆಯದು. ಊಟ ಮಾಡಿಸಲು ಮೊಬೈಲು ಕೊಡುವ ಅಭ್ಯಾಸ ಇರುವವರು ಇದನ್ನು ನೆನಪಿಡಿ.

ಅಮ್ಮನಿಗೂ ಒಂದು ಜಾಗ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಕಂಡ ಹಾಗೆ ಮನೆಯಲ್ಲಿ ಆಟ ಶುರುವಾದರೆ ಏನಾಗುತ್ತದೆ? ಮಕ್ಕಳು, ಅಪ್ಪ, ಅಜ್ಜಿ ಕೂರುತ್ತಾರೆ. ಅಮ್ಮ "ನೀವು ಆಡಿ, ನನಗೆ ಕೆಲಸ ಇದೆ" ಅನ್ನುತ್ತಾಳೆ. ಅವಳು ಕಾಫಿ ಕೊಡುತ್ತಾಳೆ, ಮಂಡಕ್ಕಿ ಕೊಡುತ್ತಾಳೆ, ಬಾಗಿಲ ಹತ್ತಿರ ನಿಂತು ನೋಡಿ ನಗುತ್ತಾಳೆ. ಹೀಗಾದರೆ ನಿಮ್ಮ 289 ನಿಮಿಷಕ್ಕೆ ಇನ್ನೂ ಮೂವತ್ತು ಸೇರಿತೇ ಹೊರತು ಬಿಡುವು ಸಿಗಲಿಲ್ಲ.

ಹಾಗಾಗಬಾರದು. ನಾಲ್ಕನೇ ಜಾಗ ನಿಮ್ಮದು. ನೀವು ಕೂರದಿದ್ದರೆ ಆಟ ಶುರುವಾಗಬಾರದು. ಕೆಲಸ ಉಳಿದಿದ್ದರೆ ಎಲ್ಲರೂ ಸೇರಿ ಮುಗಿಸಲಿ. ಮಗ ನೀರು ತುಂಬಲಿ, ಮಗಳು ತಟ್ಟೆ ಎತ್ತಲಿ, ಯಜಮಾನರು ಹಾಸಿಗೆ ಹಾಸಲಿ. ಹತ್ತು ನಿಮಿಷದ ಕೆಲಸ. ಹೇಳಿದ ಮೊದಲ ದಿನವೇ ಎಲ್ಲರೂ ಎದ್ದು ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಆದರೆ ಆಟಕ್ಕೆ ನಾಲ್ಕನೆಯವರು ಬೇಕಾದಾಗ "ಅಮ್ಮಾ, ಬೇಗ ಬಾ, ನಾನು ಪಾತ್ರೆ ಎತ್ತಿಡ್ತೀನಿ" ಅಂತ ಮಕ್ಕಳೇ ಕರೆಯುತ್ತಾರೆ.

ಅತ್ತೆ ಸೊಸೆ ಇರುವ ಮನೆಯಲ್ಲಿ ಇಬ್ಬರನ್ನೂ ಕೆಲವು ದಿನ ಒಂದೇ ಜೋಡಿಯಾಗಿ ಕೂರಿಸಿ ನೋಡಿ. ಎದುರು ಜೋಡಿಯನ್ನು ಸೋಲಿಸಲು ಅವರಿಬ್ಬರೂ ಒಂದಾಗಬೇಕು. ಸೊಸೆಯ ಕೈಯಲ್ಲಿ ಏನಿರಬಹುದು ಅಂತ ಅತ್ತೆ ಯೋಚಿಸಬೇಕು, ಅತ್ತೆಗೆ ಎಲ್ಲಿ ದಾರಿ ಬೇಕು ಅಂತ ಸೊಸೆ ನೋಡಬೇಕು. ಇದರಿಂದ ಹಳೆಯ ಮನಸ್ತಾಪ ಎಲ್ಲಾ ಹೋಗುತ್ತದೆ ಅಂತಲ್ಲ. ಇಬ್ಬರೂ ಸೇರಿ ನಕ್ಕ ಒಂದು ಸಂಜೆ ಆದರೂ ಲೆಕ್ಕಕ್ಕೆ ಸಿಗುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಆಟದಿಂದ ಕುಡಿತ ಬಿಡುತ್ತದೆ, ಹೊಡೆತ ನಿಲ್ಲುತ್ತದೆ ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಹಿಂಸೆ ಇದ್ದರೆ ಅದಕ್ಕೆ ಬಿಲ್ಲೆ ಔಷಧಿಯಲ್ಲ. ಸಂಘದಲ್ಲಿ ಹೇಳಿ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ತುರ್ತು ಇದ್ದರೆ 112. ಕುಡಿದು ಬಂದವರ ಜೊತೆ ಆಟಕ್ಕೆ ಕೂರಬೇಡಿ. ಅಂಥ ದಿನ ನೀವೂ ಮಕ್ಕಳೂ ಬೇರೆ ಕಡೆ ಸುರಕ್ಷಿತವಾಗಿರುವುದೇ ಮುಖ್ಯ.

ಆಟದ ಮನೆ ನಿಯಮ

ಗೋಡೆಗೆ ಅಂಟಿಸಿಕೊಳ್ಳಬಹುದಾದ ಆರು ನಿಯಮ ಹೇಳುತ್ತೇನೆ, ಬರೆದುಕೊಳ್ಳಿ.

1. ಅರ್ಧ ಗಂಟೆ ಮಾತ್ರ. ಮಕ್ಕಳ ಓದು ಮುಗಿದ ಮೇಲೆ.

2. ಟಿವಿ ಬಂದ್, ಮೊಬೈಲುಗಳೆಲ್ಲ ಒಂದು ಬುಟ್ಟಿಯಲ್ಲಿ. ಅಪ್ಪನದೂ ಅಮ್ಮನದೂ ಸೇರಿ.

3. ದುಡ್ಡು ಇಲ್ಲ, ಪಣ ಇಲ್ಲ.

4. ಸೋತವರನ್ನು ಹಂಗಿಸುವಂತಿಲ್ಲ. "ನಿನಗೆ ಬುದ್ಧಿ ಎಲ್ಲಿದೆ" ಅನ್ನುವ ಮಾತು ಚಾಪೆಯ ಮೇಲೆ ಬರಬಾರದು.

5. ನಿಧಾನ ಇರುವವರಿಗೆ ಕಾಯಬೇಕು. ಅಜ್ಜಿ ಎಣಿಸುವಾಗ ಯಾರೂ "ಬೇಗ ಬೇಗ" ಅನ್ನಬಾರದು.

6. ಆಟದ ನಡುವೆ ಅಮ್ಮನನ್ನು ಎಬ್ಬಿಸುವಂತಿಲ್ಲ. ನೀರು ಬೇಕಾದವರು ತಾವೇ ಎದ್ದು ಕುಡಿಯಬೇಕು.

ವಾರಕ್ಕೆ ಏಳು ದಿನವೂ ಆಗಲೇಬೇಕು ಅಂತಿಲ್ಲ. ಎರಡು ದಿನದಿಂದ ಶುರು ಮಾಡಿ, ಭಾನುವಾರ ಮತ್ತು ನಡುವೆ ಒಂದು ದಿನ. ಗಂಡ ಬರಲಿಲ್ಲವೇ? ಮೂವರೇ ಆಡಿ. ನಾಲ್ಕು ದಿನ ನಗು ಕೇಳಿದ ಮೇಲೆ ಐದನೇ ದಿನ ಅವರೇ ಹತ್ತಿರ ಬಂದು "ಅದಲ್ಲ, ಆ ಬಿಲ್ಲೆ ಇಡು" ಅಂತ ಹೇಳಿದರೂ ಹೇಳಬಹುದು. ಆಗ ಜಾಗ ಬಿಟ್ಟುಕೊಡಿ. ಆದರೆ ನಿಮ್ಮ ಜಾಗ ಬಿಡಬೇಡಿ, ಪಕ್ಕದಲ್ಲಿ ಕೂರಿಸಿಕೊಳ್ಳಿ.

ಸಂಘದಲ್ಲಿ ಮಾಡಬೇಕಾದ ಕೆಲಸ

ಮುಂದಿನ ವಾರದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಎಲ್ಲಾ ಮುಗಿದ ಮೇಲೆ ಪ್ರತಿ ಸಂಘದವರೂ ಒಟ್ಟಿಗೆ ಕೂತು ಒಂದು ಸೆಟ್ ತಯಾರಿಸಿ. ರಟ್ಟು ಒಬ್ಬರು, ಅಂಟು ಒಬ್ಬರು, ಕತ್ತರಿ ಒಬ್ಬರು ತನ್ನಿ. ಲೆಕ್ಕಪುಸ್ತಕ ಬರೆಯುವವರು 28 ಬಿಲ್ಲೆಯ ಪಟ್ಟಿ ಬರೆದುಕೊಂಡು ಒಂದೂ ಬಿಟ್ಟುಹೋಗದ ಹಾಗೆ, ಒಂದೂ ಎರಡು ಸಲ ಬರದ ಹಾಗೆ ನೋಡಿಕೊಳ್ಳಿ. ಅಲ್ಲೇ ಎರಡು ಸುತ್ತು ಆಡಿ. ಓದಲು ಬಾರದ ಸದಸ್ಯೆಯರು ಹಿಂದೆ ಸರಿಯಲು ಬಿಡಬೇಡಿ, ಅವರನ್ನೇ ಮೊದಲು ಕೂರಿಸಿ. ಕೈಬೆರಳಲ್ಲಿ ಬಡ್ಡಿ ಲೆಕ್ಕ ಹಾಕುವ ನಮ್ಮ ಹಿರಿಯ ಸದಸ್ಯೆಯರ ಮುಂದೆ ಪಿಯುಸಿ ಓದಿದವರೂ ಸೋಲುವುದನ್ನು ನೀವೇ ನೋಡುತ್ತೀರಿ.

ಆ ಸೆಟ್ಟನ್ನು ವಾರಕ್ಕೊಬ್ಬರಂತೆ ಮನೆಗೆ ಕೊಂಡೊಯ್ಯಿರಿ. ಇಷ್ಟವಾದವರು ತಮ್ಮದೇ ಒಂದು ಮಾಡಿಕೊಳ್ಳಲಿ. ಎರಡನೇ ಸೆಟ್ ಮಾಡಿದರೆ ನಿಮ್ಮ ಊರಿನ ಅಂಗನವಾಡಿಗೆ ಕೊಡಿ. ಅಲ್ಲಿಗೆ ಕೊಡುವುದಕ್ಕೆ ಬೊಟ್ಟು ಅಂಟಿಸಬೇಡಿ, ಬಿಲ್ಲೆಯನ್ನೂ ದುಪ್ಪಟ್ಟು ದೊಡ್ಡದು ಮಾಡಿ.

ಒಂದು ತಿಂಗಳು ಕಳೆದ ಮೇಲೆ ಒಕ್ಕೂಟದ ಸಭೆಯಲ್ಲಿ ಮತ್ತೆ ಸೇರುತ್ತೇವಲ್ಲ, ಆಗ ನಾನು ಕೇಳುವ ಪ್ರಶ್ನೆ ಎರಡೇ. ಎಷ್ಟು ದಿನ ಆಡಿದಿರಿ? ಅದರಲ್ಲಿ ಎಷ್ಟು ದಿನ ನೀವು ಕೂತು ಆಡಿದಿರಿ, ಎಷ್ಟು ದಿನ ನಿಂತು ನೋಡಿದಿರಿ? ಗೆದ್ದ ಅಂಕ ನನಗೆ ಬೇಡ, ಈ ಎರಡು ಉತ್ತರ ಬರೆದುಕೊಂಡು ಬನ್ನಿ.

ಈಗ ರಟ್ಟು, ಕತ್ತರಿ ಇಲ್ಲೇ ಇದೆ. ನಾಲ್ಕು ನಾಲ್ಕು ಜನ ವೃತ್ತವಾಗಿ ಕೂತುಕೊಳ್ಳಿ, ಗೆರೆ ಎಳೆಯುವುದರಿಂದ ಶುರು ಮಾಡೋಣ.